ದವಾಖಾನೆಯ ಬಾಗಿಲು ದಾಟಿದ ಮೇಲೆ

2013ರ ಮಳೆಗಾಲ. ಕೃಷ್ಣೆ ಎರಡೂ ದಂಡೆ ತುಂಬಿ ಹರಿಯುತ್ತಿದ್ದಳು. ಸುರಪುರ ತಾಲ್ಲೂಕಿನ ನಡುಗಡ್ಡೆಯ ಊರು ನೀಲಕಂಠರಾಯನಗಡ್ಡಿಯಿಂದ ಆಚೆ ಹೋಗುವ ದಾರಿಯೇ ಇರಲಿಲ್ಲ. ಊರಲ್ಲಿ ದವಾಖಾನೆಯೂ ಇರಲಿಲ್ಲ. ದಿನ ತುಂಬುತ್ತಿದ್ದ 22 ವರ್ಷದ ಬಸುರಿಯೊಬ್ಬಳು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಅಣ್ಣತಮ್ಮಂದಿರ ಆಸರೆಯಲ್ಲಿ ಆ ಪ್ರವಾಹಕ್ಕೆ ಇಳಿದಳು. ಈಜಿ ದಂಡೆ ಸೇರಿ, ಕಕ್ಕೇರಾದ ಆರೋಗ್ಯ ಕೇಂದ್ರ ತಲುಪಿದಳು. ದೇಶವಿದೇಶದ ಪತ್ರಿಕೆಗಳು ಅವಳ ಧೈರ್ಯವನ್ನು ಹೊಗಳಿದವು. ಹೊಟ್ಟೆಯಲ್ಲಿರುವ ಕೂಸಿಗಾಗಿ ಹೆಣ್ಣುಮಗಳೊಬ್ಬಳು ಹೊಳೆ ಈಜಬೇಕಾದ ಸ್ಥಿತಿಗೆ ನಾವೆಲ್ಲ ತಲೆತಗ್ಗಿಸಬೇಕಿತ್ತು.

ಬಾಣಂತಿಯರ ಸಾವಿಗೆ ಮೂರು ತಡಗಳು ಕಾರಣ ಎಂದು ವೈದ್ಯಲೋಕ ಹೇಳುತ್ತದೆ. ದವಾಖಾನೆಗೆ ಹೋಗಬೇಕೆಂದು ಮನೆಯವರು ನಿರ್ಧರಿಸುವುದರಲ್ಲಿ ಆಗುವ ತಡ ಮೊದಲನೆಯದು. ಅಲ್ಲಿಗೆ ತಲುಪುವುದರಲ್ಲಿ ಆಗುವುದು ಎರಡನೆಯದು. ತಲುಪಿದ ಮೇಲೆ ಸರಿಯಾದ ಆರೈಕೆ ಸಿಗುವುದರಲ್ಲಿ ಆಗುವ ತಡ ಮೂರನೆಯದು. 2008ರಲ್ಲಿ 108 ಆಂಬುಲೆನ್ಸ್ ಬಂತು, ಓಣಿ ಓಣಿಗೆ ಆಶಾ ಕಾರ್ಯಕರ್ತೆಯರು ಬಂದರು, ಮೊದಲೆರಡು ತಡಗಳು ಕುಗ್ಗಿದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಹಾಗಿದ್ದೂ 2018-20ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ತೀರಿಕೊಂಡರು. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚಿತ್ತು. ಕೇರಳದಲ್ಲಿ ಆಗ ಅದು 19. ಅಂದರೆ ಉಳಿದಿರುವ ಕೆಲಸ ಹೆಚ್ಚಾಗಿ ದವಾಖಾನೆಯ ಬಾಗಿಲಿನ ಒಳಗೇ ಇದೆ. ಒಳಗೆ ಏನು ನಡೆಯಬೇಕು, ಏನು ನಡೆಯಬಾರದು ಎಂಬುದು ಬಸುರಿಗೂ ಅವಳ ಅವ್ವನಿಗೂ ಅತ್ತೆಗೂ ಗೊತ್ತಿರಬೇಕು.

ಮೊದಲ ಮಾತು ರಕ್ತದ್ದು. ತಾಯಿ ಕಾರ್ಡ್ ತೆರೆದು ಹಿಮೋಗ್ಲೋಬಿನ್ ಎಷ್ಟೆಂದು ನೋಡಿ. ಬಸುರಿಗೆ 11 ಗ್ರಾಂ ಇರಬೇಕು. 7ಕ್ಕಿಂತ ಕೆಳಗಿದ್ದರೆ ತೀವ್ರ ರಕ್ತಹೀನತೆ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ ಇತ್ತು. ಹತ್ತಿ ಬಿಡಿಸುವ, ತೊಗರಿ ಕೊಯ್ಯುವ, ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸದಲ್ಲ. ಗಟ್ಟಿಮುಟ್ಟಾದ ಹೆಂಗಸು ತಡೆದುಕೊಳ್ಳಬಲ್ಲಷ್ಟೇ ರಕ್ತಸ್ರಾವ ರಕ್ತವಿಲ್ಲದವಳ ಜೀವ ತೆಗೆಯಬಹುದು. ಕಬ್ಬಿಣದ ಗುಳಿಗೆಯಿಂದ ಹೊಟ್ಟೆ ತೊಳಸಿದರೆ ಬಿಟ್ಟುಬಿಡಬೇಡಿ, ಊಟವಾದ ಮೇಲೆ ನುಂಗಿ. ಚಹಾದ ಜೊತೆ ಮಾತ್ರ ಬೇಡ. ಗುಳಿಗೆಯಿಂದ ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡುವ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿದೆ, ಕೇಳಿ. ಪ್ರತಿ ತಿಂಗಳ 9ರಂದು ವೈದ್ಯರೇ ಬಸುರಿಯರ ಉಚಿತ ತಪಾಸಣೆ ನಡೆಸುತ್ತಾರೆ. ಆ ದಿನದ ಕೂಲಿ ಹೋದರೂ ಹೋಗಲಿ.

ಗುಳೆ ಹೋದವರ ಪಾಡು ಬೇರೆ. ಬೆಂಗಳೂರಿನ ಕಟ್ಟಡದ ಕೆಲಸದಲ್ಲಿದ್ದು, ದಿನ ತುಂಬಿದ ಮೇಲೆ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ನೂಕುನುಗ್ಗಲಿನ ನಡುವೆ ಯಾದಗಿರಿಗೆ ಬಂದಿಳಿಯುವ ಬಸುರಿಯರಿದ್ದಾರೆ. ತವರಿಗೆ ಬರುವುದಾದರೆ ಎಂಟನೇ ತಿಂಗಳೊಳಗೇ ಬನ್ನಿ. ತಾಯಿ ಕಾರ್ಡನ್ನು ಟ್ರಂಕಿನಲ್ಲಿ ಬಿಟ್ಟು ಬರಬೇಡಿ. ಬಂದ ಮರುದಿನವೇ ಊರಿನ ಆಶಾಗೆ ತೋರಿಸಿ.

ಬ್ಯಾನಿ ಯಾವಾಗ ನಿಜವಾದದ್ದು? ಹೊಟ್ಟೆ ಗಟ್ಟಿಯಾಗಿ ಸಡಿಲಾಗುವುದು ಒಂದು ಲಯಕ್ಕೆ ಬಂದು, ಅಂತರ ಕಡಿಮೆಯಾಗುತ್ತಾ, ಜೋರು ಹೆಚ್ಚುತ್ತಾ ಹೋದರೆ ಅದು ಹೆರಿಗೆಯ ಬ್ಯಾನಿ. ಅಡ್ಡಾಡಿದರೆ, ಮಲಗಿದರೆ ನಿಂತುಹೋಗುವುದು ಸುಳ್ಳು ಬ್ಯಾನಿ. ಚೊಚ್ಚಲ ಬಸುರಿಗೆ ಐದು ನಿಮಿಷಕ್ಕೊಮ್ಮೆ ಬರುವವರೆಗೆ ಕಾಯಬಹುದು ಎಂಬ ಲೆಕ್ಕ ಪಟ್ಟಣದವರಿಗೆ ಸರಿ. ಹುಣಸಗಿ ಕಡೆಯ ದೂರದ ತಾಂಡಾದವರು, ಹೊಳೆದಂಡೆಯ ಊರಿನವರು, ಎರಡನೇ ಮೂರನೇ ಹೆರಿಗೆಯವರು ಅಷ್ಟು ಕಾಯಬಾರದು. ನೀರು ಒಡೆದರೆ, ರಕ್ತ ಕಂಡರೆ, ಕೂಸಿನ ಮಿಸುಕಾಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮುಖ ಬಾತುಕೊಂಡರೆ ಬ್ಯಾನಿಯ ದಾರಿಯನ್ನೇ ನೋಡದೆ ಹೊರಡಬೇಕು. ಬಿ.ಪಿ. 140/90 ಮುಟ್ಟಿತೆಂದರೆ ಫಿಟ್ಸ್ ಬರುವ ಅಪಾಯದ ದಾರಿ ಅದು.

ಇನ್ನು ಹೆರಿಗೆ ಕೋಣೆ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆಯೇ ಹೆರಿಗೆಯ ಚುರುಕಿನ ಹಂತ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ತಾಸಿಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಅಳತೆ ಎಲ್ಲರಿಗೂ ಹೊಂದುವುದಿಲ್ಲ ಎಂದೂ ಹೇಳಿತು. ಅಂದಮೇಲೆ ತಾಯಿ, ಕೂಸು ಎರಡೂ ಚೆನ್ನಾಗಿರುವಾಗ ಅವಸರವೇಕೆ? ನಮ್ಮ ಕಡೆ ಮನೆಮಂದಿಯೇ ‘ಒಂದು ಬ್ಯಾನಿ ಸೂಜಿ ಹಾಕ್ರಿ, ಲಗೂ ಆಗ್ಲಿ’ ಎಂದು ದುಂಬಾಲು ಬೀಳುತ್ತಾರೆ. ಅದು ಆಕ್ಸಿಟೋಸಿನ್. ಅಗತ್ಯವಿದ್ದಾಗ ವೈದ್ಯರು ಹನಿ ಎಣಿಸಿ, ಕೂಸಿನ ಎದೆಬಡಿತ ನೋಡುತ್ತಾ ಕೊಡುವ ಔಷಧಿ. ಕೂಸು ಹುಟ್ಟುವ ಮುಂಚೆ ಅದನ್ನೇ ಸ್ನಾಯುವಿಗೆ ಚುಚ್ಚಿದರೆ ಗರ್ಭಕೋಶ ಹರಿಯಬಹುದು, ಕೂಸಿನ ಉಸಿರು ಕಟ್ಟಬಹುದು. ದಯವಿಟ್ಟು ಕೇಳಬೇಡಿ. ಯಾರಾದರೂ ಹೊಟ್ಟೆಯ ಮೇಲೆ ಮೊಣಕೈ ಊರಿ ಒತ್ತಲು ಬಂದರೆ ‘ಬ್ಯಾಡ್ರಿ’ ಎನ್ನಿ.

ಬ್ಯಾನಿ ತಿನ್ನುವಾಗ ಅಡ್ಡಾಡಬಹುದು, ಮಗ್ಗುಲಾಗಿ ಮಲಗಬಹುದು, ನೀರು, ಗಂಜಿ ಕುಡಿಯಬಹುದು. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ಜೊತೆಗಿರಲು 2016ರಿಂದಲೇ ಅನುಮತಿಯಿದೆ. ಅವ್ವನೋ ಅಕ್ಕನೋ ಪಕ್ಕದಲ್ಲಿದ್ದು ಬೆನ್ನು ನೀವಿದರೆ ಹೆರಿಗೆ ಸಲೀಸಾಗುತ್ತದೆ, ಸಿಜೇರಿಯನ್ ಕಡಿಮೆಯಾಗುತ್ತದೆ ಎಂಬುದು ಅಧ್ಯಯನಗಳಿಂದ ಸಿದ್ಧವಾದ ಸಂಗತಿ. ಹೆರುವವಳು ಬೈಗುಳ, ಹೊಡೆತ ಸಹಿಸಬೇಕೆಂದು ಎಲ್ಲೂ ಬರೆದಿಲ್ಲ.

ಕೂಸು ಹುಟ್ಟಿದ ಮರುಗಳಿಗೆಯಿಂದ ಅಸಲಿ ಕಾವಲು ಶುರು. ಆ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಬೀಳಬೇಕು. ಆಗ ಅದೇ ಔಷಧಿ ಜೀವ ಉಳಿಸುತ್ತದೆ. ಮಾಸು ಬಿದ್ದ ಮೇಲೆ ಸಿಸ್ಟರ್ ಹೊಕ್ಕುಳ ಬಳಿ ಕೈಯೂರಿ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಬೇಕು. ಅದು ಮೆತ್ತಗಿದ್ದರೆ ರಕ್ತ ನಿಲ್ಲುವುದಿಲ್ಲ.

ಹೋದ ರಕ್ತವನ್ನು ಕಣ್ಣಳತೆಯಲ್ಲಿ ಹೇಳುವುದು ಎಷ್ಟು ಅಪಾಯ ಎಂದು ಜಗತ್ತಿಗೆ ತೋರಿಸಿದ ಊರುಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ಅಲ್ಲಿಯ ಸಂಶೋಧಕರು ಹೆರುವವಳ ಕೆಳಗೆ ಹಾಸುವ, ತುದಿಯಲ್ಲಿ ಗೆರೆ ಗುರುತಿನ ಚೀಲವಿರುವ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿದರು. ರಕ್ತ ಇಳಿದು ಚೀಲದಲ್ಲಿ ನಿಲ್ಲುತ್ತದೆ, ಎಷ್ಟು ಮಿಲಿಲೀಟರ್ ಎಂದು ಗೆರೆಯೇ ಹೇಳುತ್ತದೆ. ಬರೀ ಕಣ್ಣಿನ ಅಂದಾಜು ಈ ಹಾಳೆಯ ಲೆಕ್ಕಕ್ಕಿಂತ ಮೂರನೇ ಒಂದು ಪಾಲು ಕಡಿಮೆ ಇತ್ತು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಇದೇ ಹಾಳೆ ಬಳಸಿ ನಡೆಸಿದ 1620 ಹೆರಿಗೆಗಳ ಅಧ್ಯಯನ 2006ರಲ್ಲಿ ಪ್ರಕಟವಾಯಿತು: ಕಿರಿಯ ಆರೋಗ್ಯ ಸಹಾಯಕಿಯರು ಕೊಟ್ಟ ಮಿಸೊಪ್ರೊಸ್ಟಾಲ್ ಗುಳಿಗೆ, ಅತಿ ರಕ್ತಸ್ರಾವವನ್ನು ನೂರಕ್ಕೆ 12ರಿಂದ 6.4ಕ್ಕೆ ಇಳಿಸಿತ್ತು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳಲ್ಲಿ ಇಂಥದ್ದೇ ಅಳತೆಯ ಹಾಳೆ ಬಳಸಿ, ರಕ್ತಸ್ರಾವ ಕಂಡ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟಾಗ ಗಂಭೀರ ಅನಾಹುತ ಶೇ 60ರಷ್ಟು ತಗ್ಗಿತು. ನಮ್ಮ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇಂಥ ಹಾಳೆ ಏಕಿರಬಾರದು ಎಂದು ಪಂಚಾಯಿತಿ ಸದಸ್ಯರು ಕೇಳಬೇಕು.

ಸಿಸ್ಟರುಗಳ ಕೈಗೆ ಬಲ ತುಂಬಿದರೆ ಏನಾಗಬಹುದೆಂದು ನಮ್ಮ ಯಾದಗಿರಿ ಜಿಲ್ಲೆ ಕಂಡಿದೆ. 2010ರ ದಶಕದ ಮೊದಲ ಭಾಗದಲ್ಲಿ ಇದೂ ಸೇರಿ ಉತ್ತರದ ಎಂಟು ಜಿಲ್ಲೆಗಳಲ್ಲಿ ‘ಸುಕ್ಷೇಮ’ ಯೋಜನೆ ನಡೆಯಿತು. ತರಬೇತಾದ ನರ್ಸುಗಳೇ ಆರೋಗ್ಯ ಕೇಂದ್ರಗಳಿಗೆ ಹೋಗಿ, ಅಲ್ಲಿಯ ನರ್ಸುಗಳ ಪಕ್ಕದಲ್ಲಿ ನಿಂತು ಕಲಿಸಿದರು. ಭಾಷಣದಿಂದ ಬಾರದ್ದು ಹಾಗೆ ಬರುತ್ತದೆ.

ಹುಟ್ಟಿದ ಕೂಡಲೇ ಕೂಸನ್ನು ಒರೆಸಿ ತಾಯಿಯ ಬರಿ ಎದೆಯ ಮೇಲೆ ಹಾಕಬೇಕು. ಒಂದು ತಾಸಿನೊಳಗೆ ಮೊದಲ ಹಾಲು ಕುಡಿಸಬೇಕು. ಹಳದಿ ಎಂದು ಹಿಂಡಿ ಚೆಲ್ಲುವುದು, ಜೇನು, ಸಕ್ಕರೆ ನೀರು ನೆಕ್ಕಿಸುವುದು ಬೇಡ.

ಹೆರಿಗೆಯಾಯಿತೆಂದು ಅದೇ ಸಂಜೆ ಮನೆಗೆ ಓಡಬೇಡಿ. 48 ತಾಸು ಆಸ್ಪತ್ರೆಯಲ್ಲಿರಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ. ಮನೆಗೆ ಮುಟ್ಟಿಸುವ ‘ನಗು-ಮಗು’ ಗಾಡಿಯೂ ಉಚಿತ. ಕೂಸು ತೋರಿಸಲು, ಗಾಲಿಕುರ್ಚಿ ತಳ್ಳಲು ಯಾರಿಗೂ ಒಂದು ರೂಪಾಯಿ ಕೊಡಬೇಕಿಲ್ಲ. ಮನೆಯಲ್ಲಿ ಬಾಣಂತಿಗೆ ನೀರು ಕಟ್ಟು ಮಾಡುವ ಪದ್ಧತಿ ಬಿಡಿ. ರೊಟ್ಟಿ, ಬೇಳೆ, ಪುಂಡಿಪಲ್ಯ, ತತ್ತಿ ಎಲ್ಲ ಉಣ್ಣಲಿ, ದಾಹವಾದಷ್ಟು ನೀರು ಕುಡಿಯಲಿ. ಒಂದೇ ತಾಸಿನಲ್ಲಿ ಬಟ್ಟೆ ತೊಯ್ದು ತೊಪ್ಪೆಯಾದರೆ, ಜ್ವರ ಬಂದರೆ, ಕೆಟ್ಟ ವಾಸನೆಯ ಸ್ರಾವವಾದರೆ, ಉಸಿರು ಸಿಕ್ಕಿಕೊಂಡರೆ ಅದು ನಡುರಾತ್ರಿಯೇ ಆಗಿದ್ದರೂ 108ಕ್ಕೆ ಫೋನ್ ಮಾಡಿ.