ಒಂದರ ಗುಟ್ಟು

ಮೊಮ್ಮಗ ಶಾಲೆಯ ಪ್ರಾಜೆಕ್ಟ್‌ಗೆ ನೂರು ಊರುಗಳ ಜನಸಂಖ್ಯೆ ಬರೆದು ತಂದು ತೋರಿಸಿದ. 1ರಿಂದ ಶುರುವಾಗುವ ಸಂಖ್ಯೆಗಳು ಬರೀ ಒಂಬತ್ತು!

"ಪುಟ್ಟಾ, ಇದರಲ್ಲಿ ನೀನೇ ಕಟ್ಟಿದ್ದು ಎಷ್ಟು?" ಎಂದೆ. ಅವನ ಮುಖ ಸಪ್ಪಗಾಯಿತು. "ಹೇಗೆ ಗೊತ್ತಾಯ್ತು ತಾತ?"

ಮಕ್ಕಳೇ, ನೀವೂ ಕೇಳಿ. 1881ರಲ್ಲಿ ಖಗೋಳ ವಿಜ್ಞಾನಿ ಸೈಮನ್ ನ್ಯೂಕಾಂಬ್, ಲಾಗರಿದಮ್ ಪುಸ್ತಕಗಳ ಮೊದಲ ಪುಟಗಳೇ ಹೆಚ್ಚು ಸವೆದಿರುವುದನ್ನು ಗಮನಿಸಿದರು. 1938ರಲ್ಲಿ ಭೌತವಿಜ್ಞಾನಿ ಫ್ರಾಂಕ್ ಬೆನ್‌ಫರ್ಡ್ 20,229 ಸಂಖ್ಯೆಗಳನ್ನು ಪರೀಕ್ಷಿಸಿದರು. ನೂರಕ್ಕೆ ಸುಮಾರು ಮೂವತ್ತು 1ರಿಂದ ಶುರುವಾಗಿದ್ದವು. 9ರಿಂದ ಸುಮಾರು ಐದು ಮಾತ್ರ.

ಯಾಕೆ? ಸಾವಿರ ಜನರ ಊರು ಎರಡು ಸಾವಿರವಾಗಲು ಇಮ್ಮಡಿ ಬೆಳೆಯಬೇಕು. ಒಂಬತ್ತು ಸಾವಿರ ಹತ್ತು ಸಾವಿರವಾಗಲು ನೂರಕ್ಕೆ ಹನ್ನೊಂದು ಬೆಳೆದರೆ ಸಾಕು. ಹಾಗಾಗಿ 1ರಲ್ಲೇ ಹೆಚ್ಚು ಕಾಲ ನಿಲ್ಲುತ್ತದೆ. ನಮ್ಮ ಮನಸ್ಸಿಗೋ ಎಲ್ಲ ಅಂಕಿಗಳೂ ಸಮ! ಕಟ್ಟಿದ ಲೆಕ್ಕ ಸಿಕ್ಕಿಬೀಳುವುದು ಅಲ್ಲೇ.

2011ರಲ್ಲಿ ಜರ್ಮನಿಯ ಅರ್ಥಶಾಸ್ತ್ರಜ್ಞರು ಐರೋಪ್ಯ ಒಕ್ಕೂಟದ ಸರ್ಕಾರಗಳ ಅಂಕಿ-ಅಂಶಗಳನ್ನು ಹೀಗೇ ನೋಡಿದರು. ನಿಯಮದಿಂದ ಹೆಚ್ಚು ದೂರವಿದ್ದದ್ದು ಗ್ರೀಸ್.

ಆದರೆ ಇದು ಅನುಮಾನಕ್ಕೆ ದಾರಿ, ಸಾಕ್ಷಿಯಲ್ಲ. ಜೀವನವಿಡೀ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಕೇಳದೆ ಯಾರನ್ನೂ ಕಳ್ಳನೆನ್ನಬಾರದೆಂದು ಬಲ್ಲೆ. ಅದಕ್ಕೇ ಗದರದೆ ಕೇಳಿದೆ.

ಆ ರಾತ್ರಿ ಜನಗಣತಿಯ ಅಂಕಿಗಳನ್ನು ಹುಡುಕಿ ಇಬ್ಬರೂ ಪಟ್ಟಿಯನ್ನು ಮತ್ತೆ ಬರೆದೆವು. ಈಗ 1ರಿಂದ ಶುರುವಾದವು ಮೂವತ್ತೊಂದು!