ಕುರ್ವೆ, ಕಡವು, ಹೆದ್ದಾರಿ: ಭಟ್ಕಳ, ಹೊನ್ನಾವರ, ಕುಮಟಾ ಪೇಟೆಗಳ ದಟ್ಟಣೆಯ ಸ್ವರೂಪ

ಜನದಟ್ಟಣೆ ಮತ್ತು ವಾಹನಸಂದಣಿ ಮಹಾನಗರಗಳ ಸಮಸ್ಯೆಗಳೆಂದು ಭಾವಿಸುವುದು ರೂಢಿ. ಆದರೆ ಪುಟ್ಟ ದ್ವೀಪನಗರವೊಂದರ ಇಕ್ಕಟ್ಟನ್ನು ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿಯೂ ಕಾಣಬಹುದು. 2011ರ ಜನಗಣತಿಯಂತೆ ಈ ಜಿಲ್ಲೆಯ ಜನಸಾಂದ್ರತೆ ಚದರ ಕಿಲೋಮೀಟರಿಗೆ 140; ರಾಜ್ಯದ್ದು 319. ಈ ಸರಾಸರಿ ವಾಸ್ತವವನ್ನು ಮರೆಮಾಚುತ್ತದೆ. ಜಿಲ್ಲೆಯ ಬಹುಭಾಗ ಅರಣ್ಯವಾಗಿರುವುದರಿಂದ ಜನವಸತಿಯು ಘಟ್ಟ ಮತ್ತು ಕಡಲುಗಳ ನಡುವಣ ಕಿರುಪಟ್ಟಿಯಲ್ಲಿ ಒತ್ತೊತ್ತಾಗಿ ನೆಲೆಸಿದೆ.

ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ. ಈ ಪಟ್ಟಿಯನ್ನು ಅಡ್ಡಲಾಗಿ ಸೀಳುವ ಅಘನಾಶಿನಿ, ಶರಾವತಿ, ವೆಂಕಟಾಪುರ ಹೊಳೆಗಳು. ಹೀಗಾಗಿ ಈ ಪೇಟೆಗಳು ಭೂಪಟದಲ್ಲಿ ದ್ವೀಪಗಳಲ್ಲವಾದರೂ ಸಂಚಾರದ ದೃಷ್ಟಿಯಿಂದ ದ್ವೀಪಗಳೇ ಆಗಿವೆ. ಈ ಅರಿವು ಇಲ್ಲಿನ ನುಡಿಯಲ್ಲಿಯೇ ಉಳಿದುಬಂದಿದೆ. ಹೊಳೆಯ ನಡುಗಡ್ಡೆಗೆ ಇಲ್ಲಿ 'ಕುರ್ವೆ' ಎಂಬ ಹೆಸರು. ಹೊನ್ನಾವರದ ಮಾವಿನಕುರ್ವೆ, ಕುಮಟಾದ ಐಗಳಕುರ್ವೆ ಇದಕ್ಕೆ ನಿದರ್ಶನಗಳು. ತುಳುನಾಡಿನ 'ಕುದ್ರು' ಇದೇ ಅರ್ಥವನ್ನು ಹೊಂದಿದೆ. ದೋಣಿಯಲ್ಲಿ ಹೊಳೆ ದಾಟುವ ನೆಲೆ 'ಕಡವು'. ಹಡಗು ತಂಗುವ ನೆಲೆ 'ಬಂದರ'.

ಈ ಪದಗಳು ಸೂಚಿಸುವ ಹಳೆಯ ಸಂಚಾರ ಮುಖ್ಯವಾಗಿ ಪೂರ್ವ-ಪಶ್ಚಿಮದ್ದು. ಗೇರುಸೊಪ್ಪೆಯ ಕರಿಮೆಣಸು ಶರಾವತಿಯ ಮೂಲಕ ಹೊನ್ನಾವರಕ್ಕೆ ಇಳಿಯುತ್ತಿತ್ತು. ಭಟ್ಕಳದ ಬಂದರಕ್ಕೆ ಬಂದ ಕುದುರೆಗಳು ಘಟ್ಟವೇರಿ ವಿಜಯನಗರವನ್ನು ಸೇರುತ್ತಿದ್ದವು. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟವನ್ನಿಳಿದು ಬಂದು, ಹತ್ತೊಂಬತ್ತನೆಯ ಶತಮಾನದಲ್ಲಿ 'ಕುಮಟಾ ಹತ್ತಿ' ಎಂದೇ ಪರದೇಶದ ಮಾರುಕಟ್ಟೆಯಲ್ಲಿ ಹೆಸರಾಯಿತು. ಪೇಟೆಗಳು ಬಂದರಕ್ಕೆ ಮುಖಮಾಡಿ ಬೆಳೆದವು. ಅವುಗಳ ಓಣಿಗಳು ಕಾಲ್ನಡಿಗೆಗೂ ಎತ್ತಿನ ಗಾಡಿಗೂ ಅಳತೆಯಾಗಿದ್ದವು.

ಇಪ್ಪತ್ತನೆಯ ಶತಮಾನದಲ್ಲಿ ಈ ದಿಕ್ಕು ಬದಲಾಯಿತು. ಹೊಳೆಗಳಿಗೆ ಸೇತುವೆಗಳಾದ ಮೇಲೆ ಉತ್ತರ-ದಕ್ಷಿಣದ ರಸ್ತೆಯೇ ಪ್ರಧಾನವಾಯಿತು. ರಾಷ್ಟ್ರೀಯ ಹೆದ್ದಾರಿ 17 ಎನಿಸಿದ್ದ ಈ ದಾರಿ 2010ರ ಮರುಸಂಖ್ಯೆಯ ಬಳಿಕ 66 ಆಗಿದೆ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗವೂ ಇದೇ ಪಟ್ಟಿಯಲ್ಲಿ ಸಾಗುತ್ತದೆ. ಅನೇಕ ಕಡವುಗಳಲ್ಲಿ ಹಂಚಿಹೋಗಿದ್ದ ಓಡಾಟ ಒಂದೇ ರೇಖೆಯ ಮೇಲೆ ಬಂದು ನಿಂತಿತು. ದೂರದೂರಿನ ಟ್ಯಾಂಕರು, ಶಾಲೆಯ ಬಸ್ಸು, ಮೀನಿನ ಬುಟ್ಟಿ ಹೊತ್ತ ಆಟೋರಿಕ್ಷಾ, ರಸ್ತೆ ದಾಟಲು ಕಾದುನಿಂತ ವೃದ್ಧೆ - ಎಲ್ಲರಿಗೂ ಅದೊಂದೇ ದಾರಿ. ದಟ್ಟಣೆಯ ಮೂಲಕಾರಣ ವಾಹನಗಳ ಸಂಖ್ಯೆಯೊಂದೇ ಅಲ್ಲ, ಪರ್ಯಾಯದ ಅಭಾವವೂ ಹೌದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. 2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದಾಗ ಹೆದ್ದಾರಿ ಹಲವು ದಿನ ಮುಚ್ಚಿತು. ಕರಾವಳಿಯ ವಾಹನಗಳು ಘಟ್ಟವನ್ನು ಬಳಸಿ ಹೋಗಬೇಕಾಯಿತು.

ರಸ್ತೆಯ ವಿಸ್ತರಣೆ ದೂರಪ್ರಯಾಣಕ್ಕೆ ಅನುಕೂಲಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಗಲವಾದ ಹೆದ್ದಾರಿ ಪೇಟೆಯನ್ನು ಎರಡು ಹೋಳಾಗಿಸಿದಾಗ, ಮನೆ ಒಂದೆಡೆ, ಶಾಲೆ ಇನ್ನೊಂದೆಡೆ ಇರುವವರಿಗೆ ಅದೇ ಹೊಸ ಹೊಳೆಯಾಗುತ್ತದೆ. ಹಿಂದಿನ ಹೊಳೆಗಾದರೋ ಕಡವು ಇತ್ತು. ದಾಟುವ ಜಾಗ ಯಾವುದೆಂದು ಊರಿಗೆಲ್ಲ ತಿಳಿದಿತ್ತು. ಹೊಸ ಹೊಳೆಗೆ ಕೆಳಸೇತುವೆ, ಕಾಲುಸೇತುವೆ, ಸೇವಾರಸ್ತೆಗಳೇ ಕಡವುಗಳಾಗಬೇಕಾಗಿದೆ. ಅವು ಎಲ್ಲಿರಬೇಕೆಂಬುದನ್ನು ನಿರ್ಧರಿಸುವಲ್ಲಿ ಜನರ ನಿತ್ಯದ ಹೆಜ್ಜೆದಾರಿಗಳ ಅಧ್ಯಯನ ನೆರವಾಗಬಲ್ಲದು.

ಈ ದೃಷ್ಟಿಯಿಂದ ಕುರ್ವೆ, ಕಡವು, ಬಂದರಗಳ ಹೆಸರುಗಳನ್ನು ಹಿರಿಯರ ಬಾಯಿಂದ ಸಂಗ್ರಹಿಸುವುದು ಕೇವಲ ಪದಕೋಶದ ಕಾರ್ಯವಲ್ಲ. ಸ್ಥಳನಾಮಗಳಲ್ಲಿ ಒಂದು ಪ್ರದೇಶದ ಸಂಚಾರದ ನಕ್ಷೆಯೇ ಅಡಗಿದೆ. ಸೇತುವೆ ಬಂದ ಕಡೆ ಕಡವಿನ ಬಳಕೆ ನಿಲ್ಲುತ್ತದೆ. ಬಳಕೆ ನಿಂತ ಮೇಲೆ ಹೆಸರೂ ಬಹುಕಾಲ ಉಳಿಯದು. ಅದು ಅಳಿಯುವ ಮುನ್ನ ದಾಖಲಿಸುವುದು ಕನ್ನಡ ಸಂಶೋಧನೆಯ ಹೊಣೆಗಳಲ್ಲಿ ಒಂದೆನ್ನಬಹುದು.