ಒಂದು ಏಟಿಗೆ ಪಟ್ಟ ಕೈಬದಲು

ಪ್ರಶ್ನೆ: ನಮ್ಮ ರಾಯಚೂರಿನ ಮುಂಗಾರು ಹಬ್ಬದ ಕುಸ್ತಿಯಲ್ಲಿ ಬಲ್ಲಿದ ಪೈಲ್ವಾನನೇ ಗೆಲ್ಲುತ್ತಾನೆ. ಎಂಎಂಎಯಲ್ಲಿ (ಮಿಶ್ರ ಸಮರಕಲೆ) ಯಾರೂ ಲೆಕ್ಕಕ್ಕಿಡದವರು ಪಟ್ಟ ಗೆಲ್ಲುವುದು ಹೇಗೆ? – ಮಾನ್ವಿಯ ಓದುಗರು

ಉತ್ತರ: ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಬೇಕು. ಅದಕ್ಕೆ ಪಟ್ಟು ಬೇಕು, ದಮ್ಮು ಬೇಕು. ಎಂಎಂಎಯಲ್ಲಿ ಹಿಡಿತದ ಜೊತೆ ಗುದ್ದು, ಒದೆತವೂ ಉಂಟು. ಕೈಗವಸು ಬಾಕ್ಸಿಂಗ್‌ನದಕ್ಕಿಂತ ಬಹಳ ತೆಳು. ಹಾಗಾಗಿ ಒಂದೇ ಏಟು ಇಡೀ ಲೆಕ್ಕವನ್ನು ಕೆಡಿಸಬಲ್ಲದು.

ಒಂದು ಉದಾಹರಣೆ ನೋಡಿ: 2007ರ ಏಪ್ರಿಲ್ 7, ಅಮೆರಿಕದ ಹ್ಯೂಸ್ಟನ್. ಎಂಎಂಎ ಪಂದ್ಯ ನಡೆಸುವ ಯುಎಫ್‌ಸಿ ಸಂಸ್ಥೆಯ ವೆಲ್ಟರ್‌ವೇಟ್ ತೂಕವರ್ಗದ ಚಾಂಪಿಯನ್ ಜಾರ್ಜ್ ಸೇಂಟ್ ಪಿಯರ್ ಎದುರು ಮ್ಯಾಟ್ ಸೆರಾ. ಸೆರಾ ಎತ್ತರದಲ್ಲೂ ಕಡಿಮೆ. ಟೀವಿ ಸ್ಪರ್ಧೆಯೊಂದನ್ನು ಗೆದ್ದು ಪಟ್ಟದ ಅವಕಾಶ ಗಿಟ್ಟಿಸಿದ್ದವನು. ನೆಲದ ಹಿಡಿತದ ಕಲೆಯಾದ ಜಿಯು ಜಿತ್ಸುವಿನಲ್ಲಿ ಪಳಗಿದವನಾದ್ದರಿಂದ ನೆಲಕ್ಕೆಳೆಯುತ್ತಾನೆ ಎಂದೇ ಎಲ್ಲರ ಎಣಿಕೆ. ಅವನು ಗುದ್ದಿದ! ಬಲಗೈ ಏಟು ಕಿವಿಯ ಹಿಂಬದಿಗೆ ತಾಗಿತು. ದೇಹದ ಸಮತೋಲ ಕಾಯುವ ಅಂಗ ಇರುವುದು ಕಿವಿಯೊಳಗೇ. ಚಾಂಪಿಯನ್‌ನ ಕಾಲು ತಡವರಿಸಿತು. ಸೆರಾ ಬಿಡುವು ಕೊಡಲಿಲ್ಲ. ನನಗೆ ಅವನ ನಿಜವಾದ ಜಾಣತನ ಕಾಣುವುದು ಅಲ್ಲೇ. ಮೊದಲ ಸುತ್ತಿನಲ್ಲೇ, 3 ನಿಮಿಷ 25 ಸೆಕೆಂಡಿಗೆ ಪಟ್ಟ ಅವನದಾಯಿತು.

ಮರುವರ್ಷ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಇಬ್ಬರೂ ಮತ್ತೆ ಸೆಣಸಿದರು. ಈ ಸಲ ಸೇಂಟ್ ಪಿಯರ್ ಎದುರಾಳಿಯನ್ನು ನೆಲಕ್ಕೆ ಕೆಡವಿ, ಎರಡನೇ ಸುತ್ತಿನಲ್ಲಿ ಪಟ್ಟ ಮರಳಿ ಪಡೆದ.